ಉದ್ಘಾಟನೆಯವರೆಗೆ ಕಾಪಾಡಿದ ನೀರು

ಮಳೆಯನ್ನು ಕಳುಹಿಸುವ ಮುನ್ನ ದೇವರು ಕರಾವಳಿ ಕ್ರೈಸ್ತ ಬಾಂಧವ್ಯ ಕೂಟದ ಕಾರ್ಯಕಾರಿ ಸಮಿತಿಯನ್ನು ವಿಚಾರಿಸಿರಲಿಲ್ಲ. ಈ ಲೋಪವನ್ನು ಸಮಿತಿಯು ವಿಷಾದದಿಂದ ಗಮನಿಸಿದೆ. ಕ್ಷಮೆ ಕ್ರೈಸ್ತರ ಲಕ್ಷಣವಾದುದರಿಂದ ವಿಷಯವನ್ನು ಅಲ್ಲಿಗೇ ಕೈಬಿಡಲಾಗಿದೆ.

ಎಮಿರೇಟ್ಸ್ ಮಳೆಗೆ ಒಗ್ಗಿದ ದೇಶವಲ್ಲ. ಇಲ್ಲಿ ಕೊಡೆ ಹಿಡಿಯುವುದು ಬಿಸಿಲಿಗೆ. ಆ ಏಪ್ರಿಲಿನಲ್ಲಿ ವರ್ಷವಿಡೀ ಬೀಳಬೇಕಾದ ಮಳೆ ಒಂದೇ ಹಗಲಿನಲ್ಲಿ ಬಿದ್ದಾಗ ದುಬೈಯ ಹೆದ್ದಾರಿಗಳಲ್ಲಿ ಕಾರುಗಳು ದೋಣಿಗಳಂತೆ ಅಡ್ಡಾದಿಡ್ಡಿ ನಿಂತವು. ಆದರೆ ಮಳೆ ನಿಂತ ಮರುದಿನವೇ ಸರಕಾರದ ಟ್ಯಾಂಕರುಗಳು ಬೀದಿಗಿಳಿದು ನೀರು ಹೀರತೊಡಗಿದವು. ಗುರುತಿಲ್ಲದವರು ಗುರುತಿಲ್ಲದವರ ಕಾರು ತಳ್ಳಿದರು. ಹೋಟೆಲಿನವರು ಅನ್ನದ ಪೊಟ್ಟಣ ಹಂಚಿದರು ಮತ್ತು ತಿನ್ನುವವನ ಊರು, ಜಾತಿ, ಸಂಘ ಯಾವುದನ್ನೂ ಕೇಳಲಿಲ್ಲ. ಇಷ್ಟೊಂದು ಪರೋಪಕಾರ ಒಂದು ಸ್ವಾಗತ ಭಾಷಣವೂ ಇಲ್ಲದೆ ನಡೆದುಹೋಗುತ್ತಿರುವುದನ್ನು ಕಂಡು ಕೂಟಕ್ಕೆ ಆತಂಕವಾಯಿತು. ಹೀಗೇ ಮುಂದುವರಿದರೆ ದುರಂತ ಮುಗಿದುಹೋಗುವ ಸಂಭವವಿತ್ತು.

ಅಂಥ ಸಂಕಟದ ಗಳಿಗೆಯಲ್ಲಿ ಆನ್ಸೆಲ್ಮನ ದೂರವಾಣಿ ಕರೆ ಬಂದಿತು.

ಆನ್ಸೆಲ್ಮ್ ಕೂಟದ ಆಜೀವ ಸದಸ್ಯ. ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಅಲ್ಲಿಂದ ಕಂಪನಿಯ ಬಸ್ಸಿನಲ್ಲಿ ಬಂದಿಳಿಯುವ ದೂರದಲ್ಲಿ, ಮೂರು ಮಹಡಿಯ ಹಳೆಯ ಕಟ್ಟಡವೊಂದರ ನೆಲ ಅಂತಸ್ತಿನಲ್ಲಿ ಅವನ ಮನೆ: ಒಂದು ಕೋಣೆ, ಒಂದು ಅಡುಗೆಮನೆ. ರಸ್ತೆಯನ್ನು ಎತ್ತರಿಸಿದ ಮೇಲೆ ಆ ಕೋಣೆ ತಗ್ಗಿಗೆ ಬಿದ್ದಿತ್ತು. ಒಳಗೆ ಬಂದ ನೀರಿಗೆ ಹೊರಗೆ ಹೋಗುವ ದಾರಿ ಇರಲಿಲ್ಲ. ಅವನ ಹೆಂಡತಿ ಅಲಿಶಾ ಆ ಮಳೆಯ ದಿನವೇ ಆಸ್ಪತ್ರೆಯಲ್ಲಿ ಹೆಣ್ಣುಮಗುವನ್ನು ಹೆತ್ತಿದ್ದಳು.

ಕರೆಯನ್ನು ಸ್ವೀಕರಿಸಿದವರು ಕೂಟದ ಕಾರ್ಯದರ್ಶಿ ಪ್ರಿಯನ್.

"ಒಂದು ಪಂಪ್ ಸಿಕ್ಕಿದರೆ ಸಾಕು ಮಾರಾಯ," ಎಂದನು ಆನ್ಸೆಲ್ಮ್. "ಅಲಿಶಾ ಮಗುವನ್ನು ಕರ್ಕೊಂಡು ಮನೆಗೆ ಬರ್ಲಿಕ್ಕೆ ಉಂಟು. ಅಷ್ಟರೊಳಗೆ ನೆಲ ಒಣಗಬೇಕು."

"ನೀರು ಎಷ್ಟು ಉಂಟು?"

"ಮೊಣಕಾಲಿಗೆ."

"ಒಳ್ಳೆಯದಾಯ್ತು," ಎಂದರು ಪ್ರಿಯನ್. "ಸೊಂಟದವರೆಗೆ ಇದ್ದಿದ್ದರೆ ಸರಕಾರದವರೇ ಮೊದಲು ಬರುತ್ತಿದ್ದರು. ಪಾದ ಮುಳುಗುವಷ್ಟು ಇದ್ದಿದ್ದರೆ ಫೋಟೋದಲ್ಲಿ ಕಾಣುವುದಿಲ್ಲ. ಮೊಣಕಾಲು ಅಂದರೆ ಸಂಘಸಂಸ್ಥೆಗಳ ಅಳತೆ."

ಸಮಿತಿಯ ತುರ್ತು ಸಭೆ ಅಂತರ್ಜಾಲದ ಮೂಲಕ ಸೇರಿತು. ಅಧ್ಯಕ್ಷರಾದ ಲೆಸ್ಟರ್ ಶಿಲುಬೆಯ ಗುರುತು ಹಾಕಿ ಸಭೆಯನ್ನು ಆರಂಭಿಸಿದರು. ಮೊದಲು ಚರ್ಚೆಗೆ ಬಂದದ್ದು ಪಂಪಲ್ಲ, ದೈವಶಾಸ್ತ್ರ. ದೇವರು ಈ ಮಳೆಯನ್ನು ಯಾವ ಉದ್ದೇಶದಿಂದ ಕಳುಹಿಸಿರಬಹುದು ಎಂಬುದು ಇತ್ಯರ್ಥವಾಗದೆ ನೀರಿಗೆ ಕೈಹಾಕುವುದು ಅಪಾಯಕರವೆಂದು ಹಿರಿಯ ಸದಸ್ಯರೊಬ್ಬರು ಎಚ್ಚರಿಸಿದರು. ಅದು ಶಿಕ್ಷೆಯಾಗಿದ್ದರೆ ನೀರನ್ನು ಹೊರಹಾಕುವುದು ದೈವೇಚ್ಛೆಗೆ ಅಡ್ಡಿಯಾದೀತು. ಬಹಳ ಹೊತ್ತು ವಿಚಾರ ವಿನಿಮಯ ನಡೆದು ಈ ಕೆಳಗಿನ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು: ಸದರಿ ಮಳೆಯು ಸದಸ್ಯರಲ್ಲದವರಿಗೆ ಶಿಕ್ಷೆ, ಸದಸ್ಯರಿಗೆ ಪರೀಕ್ಷೆ, ಪದಾಧಿಕಾರಿಗಳಿಗೆ ಅವಕಾಶ.

ಆನಂತರ ಪಂಪನ್ನು ಒದಗಿಸಲು ಒಪ್ಪಿಗೆ ನೀಡಲಾಯಿತು.

ಪಂಪು ಅದೇ ದಿನ ಬಂದಿತು, ಏಕೆಂದರೆ ಅದು ಸದಸ್ಯರೊಬ್ಬರ ಗೋದಾಮಿನಲ್ಲಿ ಮೊದಲಿನಿಂದಲೂ ಇತ್ತು. ಆನ್ಸೆಲ್ಮನ ಕೋಣೆಯ ಎದುರಿನ ಮೆಟ್ಟಿಲ ಮೇಲೆ ಅದನ್ನು ಇಳಿಸಿ, ಕೆಂಪು ರಿಬ್ಬನ್ ಕಟ್ಟಿ, ಕೂಟದ ಹೆಸರಿನ ಬ್ಯಾನರನ್ನು ಹಿಂದೆ ತೂಗುಹಾಕಲಾಯಿತು. ಆನ್ಸೆಲ್ಮ್ ಕೃತಜ್ಞತೆಯಿಂದ ಪಂಪಿನ ವಯರನ್ನು ಕೈಗೆ ತೆಗೆದುಕೊಂಡನು.

"ಅದನ್ನು ಕೆಳಗೆ ಇಡು," ಎಂದರು ಲೆಸ್ಟರ್.

ಕೂಟದ ನಿಯಮಾವಳಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೂಟವು ನೀಡುವ ಯಾವುದೇ ವಸ್ತುವನ್ನು ಮುಖ್ಯ ಅತಿಥಿಗಳ ಅಮೃತ ಹಸ್ತದಿಂದ ಉದ್ಘಾಟಿಸುವ ಮುನ್ನ ಬಳಸತಕ್ಕದ್ದಲ್ಲ. ಹಿಂದೊಮ್ಮೆ ಕಾಲು ಮುರಿದ ಸದಸ್ಯರೊಬ್ಬರಿಗೆ ಗಾಲಿಕುರ್ಚಿ ಮಂಜೂರಾಗಿ, ಸಮಾರಂಭಕ್ಕೆ ಸಭಾಂಗಣ ಸಿಗುವುದು ತಡವಾಗಿ, ಅಷ್ಟರಲ್ಲಿ ಅವರು ಯಾರಿಗೂ ತಿಳಿಸದೆ ಗುಣಮುಖರಾಗಿ ಕೂಟಕ್ಕೆ ಮುಜುಗರ ತಂದಿದ್ದರು. ವೇದಿಕೆಯ ಮೇಲೆ ಅವರು ಕುಂಟುವ ಮೂಲಕ ಮರ್ಯಾದೆ ಉಳಿಸಿದರೆಂಬುದು ಬೇರೆ ಮಾತು.

ಮುಖ್ಯ ಅತಿಥಿಯಾಗಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಕಂಪ್ಯೂಟರ್ ಅಂಗಡಿಗಳನ್ನು ಹೊಂದಿರುವ ಉಡುಪಿಯ ಉದ್ಯಮಿ ಪೃಥ್ವಿರಾಜ್ ಅವರನ್ನು ಆಯ್ಕೆ ಮಾಡಲಾಯಿತು. ಸರ್ವಧರ್ಮ ಸೌಹಾರ್ದಕ್ಕೆ ಅವರು ಅನುಕೂಲವಾಗಿದ್ದರು. ಆದರೆ ಖಲೀಫಾ ಸಿಟಿಯ ಅವರ ವಿಲ್ಲಾದಿಂದ ದುಬೈಗೆ ಬರುವ ದಾರಿಯಲ್ಲಿ ಇನ್ನೂ ನೀರಿತ್ತು. ನೀರು ಇಳಿಯುವವರೆಗೆ ನೀರಿಳಿಸುವ ಪಂಪನ್ನು ಉದ್ಘಾಟಿಸಲು ಅವರು ಬರುವಂತಿರಲಿಲ್ಲ. ಹೀಗಾಗಿ ಸಮಾರಂಭವನ್ನು ಮುಂದಿನ ವಾರಾಂತ್ಯದ ಭಾನುವಾರಕ್ಕೆ ಇಟ್ಟುಕೊಳ್ಳಲಾಯಿತು. ಕಟ್ಟಡದ ಬಾಗಿಲಿಗೆ ಪ್ರಕಟಣೆಯನ್ನು ಅಂಟಿಸಲಾಯಿತು:

"ಜಲಸಂತ್ರಸ್ತರ ಸೇವಾರ್ಥ ಪಂಪಿನ ಉದ್ಘಾಟನಾ ಸಮಾರಂಭವು ಬರುವ ಭಾನುವಾರ ಬಲಿಪೂಜೆಯ ನಂತರ ಜರಗಲಿರುವುದು. ಅಲ್ಲಿಯವರೆಗೆ ಸದರಿ ಕೋಣೆಯಲ್ಲಿರುವ ನೀರನ್ನು ಯಾರೂ ತೆಗೆಯುವುದಾಗಲಿ, ಚೆಲ್ಲುವುದಾಗಲಿ, ಒಣಗಿಸುವುದಾಗಲಿ ಮಾಡಕೂಡದು. ನೀರು ಸಂತ್ರಸ್ತರದಾದರೂ ಸಂತ್ರಸ್ತರು ಕೂಟದವರು."

ಪ್ರಕಟಣೆಯ ಗೋಂದು ಒಣಗುವ ಮುನ್ನವೇ ಮೊದಲ ಅಡಚಣೆ ಎದುರಾಯಿತು. ಸರಕಾರದ ಟ್ಯಾಂಕರೊಂದು ಬೀದಿಯ ನೀರನ್ನೆಲ್ಲ ಹೀರಿಕೊಂಡು ನೇರವಾಗಿ ಈ ಕಟ್ಟಡದ ಎದುರು ಬಂದು ನಿಂತಿತು. ಚಾಲಕನು ದಪ್ಪನೆಯ ಪೈಪನ್ನು ಎಳೆದುಕೊಂಡು ಇಳಿದು, ಒಳಗೆ ಪಾನಿ ಇದೆಯೇ ಎಂದು ವಿಚಾರಿಸಿದನು. ಪೈಪಿನ ತುದಿ ಆನ್ಸೆಲ್ಮನ ಹೊಸ್ತಿಲಿಗೆ ಒಂದು ಮಾರು ದೂರದಲ್ಲಿತ್ತು.

"ಮಾಫಿ," ಎಂದರು ಪ್ರಿಯನ್. ಏನೂ ಇಲ್ಲ.

ಚಾಲಕನು ಪ್ರಿಯನ್ ಅವರ ಒದ್ದೆ ಪ್ಯಾಂಟನ್ನು ನೋಡಿದನು. ಪ್ರಿಯನ್ ಬೆವರೆಂದು ಸನ್ನೆ ಮಾಡಿ ತೋರಿಸಿದರು. ಟ್ಯಾಂಕರು ಮುಂದಿನ ಬೀದಿಗೆ ಹೋಯಿತು. ಸುಳ್ಳು ಹೇಳುವುದು ಪಾಪವಾದ್ದರಿಂದ ಪ್ರಿಯನ್ ಆ ಶನಿವಾರ ಪಾಪನಿವೇದನೆಗೆ ಹೋಗುವುದೆಂದೂ, ಅವರ ಹೋಗಿಬರುವ ವ್ಯವಸ್ಥೆಯನ್ನು ಕೂಟವೇ ನೋಡಿಕೊಳ್ಳುವುದೆಂದೂ ನಿರ್ಧರಿಸಲಾಯಿತು.

ಎರಡನೆಯ ಅಡಚಣೆ ಮೂರನೆಯ ಮಹಡಿಯಿಂದ ಇಳಿದು ಬಂತು. ಅಲ್ಲಿ ವಾಸವಾಗಿದ್ದ ಭಟ್ಕಳದ ಬಟ್ಟೆ ವ್ಯಾಪಾರಿ ಅತಾಉರ್ರಹ್ಮಾನ್ ಮತ್ತು ಕಟ್ಟಡದ ಕಾವಲುಗಾರ ಅಲಿಕುಂಞಿ ಇಬ್ಬರೂ ಲುಂಗಿ ಎತ್ತಿ ಕಟ್ಟಿ, ಬಕೆಟ್ಟಿನಿಂದ ನೀರನ್ನು ಮೊಗೆದು ಹೊರಗೆ ಎರಚುತ್ತಿರುವುದು ಲೆಸ್ಟರ್ ಅವರ ಕಣ್ಣಿಗೆ ಬಿತ್ತು.

"ಇದೆಂಥ ಮಾಡ್ತಾ ಇದ್ದೀರಿ ನೀವು?"

"ಕಾಣುವುದಿಲ್ವಾ? ನೀರು ತೆಗೀತಾ ಇದ್ದೇವೆ."

"ಯಾವ ಸಂಘದಿಂದ?"

ಅತಾಉರ್ರಹ್ಮಾನ್ ಬೆನ್ನು ನೆಟ್ಟಗೆ ಮಾಡಿದರು. "ನಾನು ಸಂಘದವನಲ್ಲ. ಮೂರನೇ ಮಹಡಿಯವನು."

"ಹಾಗಾದರೆ ನಿಮಗೆ ಇದರಲ್ಲಿ ಪ್ರವೇಶವಿಲ್ಲ," ಎಂದು ಲೆಸ್ಟರ್ ಸೌಮ್ಯವಾಗಿ ತಿಳಿಸಿದರು. "ಆನ್ಸೆಲ್ಮ್ ನಮ್ಮ ನೆರೆಯವ. ನೆರೆಯವನನ್ನು ಪ್ರೀತಿಸಬೇಕೆಂದು ಪ್ರಭು ಹೇಳಿದ್ದು ನಮಗೆ."

"ಪ್ರೀತಿಸಿ, ಬೇಡ ಅಂದವರು ಯಾರು? ಕಾಲು ಸ್ವಲ್ಪ ಆಚೆ ಇಡಿ, ನೀರು ಚೆಲ್ತೇನೆ."

"ಆನ್ಸೆಲ್ಮ್, ನೀನೇ ಹೇಳು."

ಆನ್ಸೆಲ್ಮ್ ಇಬ್ಬರ ಮುಖವನ್ನೂ ನೋಡಿದನು. ಅವನ ತಂಗಿಯ ಮದುವೆಗೆ ಊರಿನಲ್ಲಿ ಸಭಾಭವನ ಕೊಡಿಸಿದವರು ಲೆಸ್ಟರ್. ಅವನ ಆಜೀವ ಸದಸ್ಯತ್ವಕ್ಕೆ ಸಹಿ ಹಾಕಿದವರು ಲೆಸ್ಟರ್. ಕ್ರಿಸ್ಮಸ್ ಕೂಟದಲ್ಲಿ ಅವನ ಹೆಸರನ್ನು ಮೈಕಿನಲ್ಲಿ ಓದಿದವರೂ ಅವರೇ.

"ಭಾನುವಾರ ದೂರ ಇಲ್ಲ ಭಾಯ್," ಎಂದು ಅವನು ಅತಾಉರ್ರಹ್ಮಾನ್ ಅವರಿಗೆ ಹೇಳಿದನು. "ಇರಲಿ."

ಅತಾಉರ್ರಹ್ಮಾನ್ ಬಕೆಟ್ಟನ್ನು ನೆಲದ ಮೇಲೆ ಕವುಚಿ ಇಟ್ಟು, ಅದರ ಮೇಲೆ ಸ್ವಲ್ಪ ಹೊತ್ತು ಕುಳಿತು, ಮೇಲೆ ಹೋದರು. ಹೊರಗೆ ಎರಚಿದ ನೀರಿನ ಬಾಬ್ತು ಕೂಟವು ಯಾವುದೇ ಕ್ರಮ ಕೈಗೊಳ್ಳಲಿಲ್ಲ. ಇದು ನಮ್ಮ ಸಹಿಷ್ಣುತೆಗೆ ಸಾಕ್ಷಿ.

ಮೂರನೆಯ ಅಡಚಣೆ ಸೂರ್ಯನದು. ಮಳೆಯ ನಂತರ ಈ ದೇಶದ ಬಿಸಿಲು ತನ್ನ ಕರ್ತವ್ಯಕ್ಕೆ ಮರಳಿತು. ತೆರೆದ ಕಿಟಕಿಯಿಂದ ಬಿಸಿಗಾಳಿ ಬೀಸಿ ನೀರು ದಿನೇ ದಿನೇ ಕುಗ್ಗತೊಡಗಿತು. ತಕ್ಷಣ ನೀರು ಪಾಲನಾ ಉಪಸಮಿತಿಯನ್ನು ರಚಿಸಲಾಯಿತು. ಕಿಟಕಿಯನ್ನು ಮುಚ್ಚಲಾಯಿತು. ನೀರಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಲಾಯಿತು. ಹೊಸ್ತಿಲಿಗೆ ಸಿಮೆಂಟಿನ ಚಿಕ್ಕ ದಂಡೆ ಕಟ್ಟಲಾಯಿತು. ಸದಸ್ಯರ ಮನೆಗಳಲ್ಲಿ ನಡೆಯುತ್ತಿದ್ದ ಸಂಜೆಯ ಜಪಸರದ ಪ್ರಾರ್ಥನೆಯಲ್ಲಿ "ನೀರು ಬೇಗ ಇಳಿಯಲಿ" ಎಂಬ ಕೋರಿಕೆಯನ್ನು ಹಿಂತೆಗೆದುಕೊಂಡು ತಿದ್ದುಪಡಿಯಾದ ಕೋರಿಕೆಯನ್ನು ಎಲ್ಲರಿಗೂ ಕಳುಹಿಸಲಾಯಿತು: "ಪ್ರಭುವೇ, ನೀರು ಕಾರ್ಯಕ್ರಮದ ನಂತರ ಇಳಿಯಲಿ."

ಈ ತಿದ್ದುಪಡಿ ಚರ್ಚಿನ ಫಾದರ್ ಅವರ ಕೈಗೂ ತಲುಪಿತು. ಅವರು ಲೆಸ್ಟರ್ ಅವರನ್ನು ಕರೆಸಿಕೊಂಡರು.

"ಮಗು ಎಲ್ಲಿದೆ?" ಎಂದು ಕೇಳಿದರು.

"ಆಸ್ಪತ್ರೆಯಲ್ಲಿ ಫಾದರ್. ಸುರಕ್ಷಿತವಾಗಿದೆ. ನಮ್ಮ ಕಡೆಯಿಂದ ಯಾವ ಅವಸರವೂ ಇಲ್ಲ."

"ಪ್ರಭು ತಮ್ಮ ಕೊನೆಯ ಸಂಜೆ ಒಂದು ಬೋಗುಣಿ ನೀರು ತರಿಸಿದ್ದು ಇನ್ನೊಬ್ಬರ ಕಾಲು ತೊಳೆಯಲಿಕ್ಕೆ," ಎಂದರು ಫಾದರ್. "ನೀವು ಒಂದು ಕೋಣೆ ತುಂಬ ನೀರು ಇಟ್ಟುಕೊಂಡಿದ್ದೀರಿ. ಒಂದು ಬಕೆಟ್ ಹಿಡಿಯಿರಿ, ಲೆಸ್ಟರ್. ನಾನೂ ಬರುತ್ತೇನೆ."

ಗುರುಗಳ ಈ ಮಾತನ್ನು ಸಮಿತಿಯು ಆಶೀರ್ವಚನವೆಂದು ದಾಖಲಿಸಿತು. ಆಶೀರ್ವಚನಗಳನ್ನು ಕಾರ್ಯರೂಪಕ್ಕೆ ತರುವ ಪದ್ಧತಿ ಇಲ್ಲ.

ಫಾದರ್ ಹೇಳಿದಂತೆಯೇ ಮರುದಿನ ಬಕೆಟ್ ಹಿಡಿದು ಬಂದೇಬಿಟ್ಟರು. ಅವರನ್ನು ಕಟ್ಟಡದ ಬಾಗಿಲಲ್ಲೇ ತಡೆದು ಸನ್ಮಾನಿಸಲಾಯಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು, ಸನ್ಮಾನಪತ್ರವನ್ನು ಮೊದಲು ಕನ್ನಡದಲ್ಲಿಯೂ ಬಳಿಕ ಕೊಂಕಣಿಯಲ್ಲಿಯೂ ಓದಿ ಮುಗಿಸುವಷ್ಟರಲ್ಲಿ ಅವರಿಗೆ ಸಂಜೆಯ ಬಲಿಪೂಜೆಗೆ ಹೊತ್ತಾಯಿತು. ಒಂದು ಕೈಯಲ್ಲಿ ಬುಟ್ಟಿ, ಭುಜದ ಮೇಲೆ ಶಾಲು ಇದ್ದುದರಿಂದ ಬಕೆಟ್ಟನ್ನು ಅಲ್ಲೇ ಬಿಟ್ಟುಹೋಗಬೇಕಾಯಿತು. ನಮ್ಮಲ್ಲಿ ಒಳ್ಳೆಯವರನ್ನು ತಡೆಯಲು ಶಾಲಿಗಿಂತ ಗಟ್ಟಿಯಾದ ಹಗ್ಗ ಇನ್ನೂ ತಯಾರಾಗಿಲ್ಲ.

ಶುಕ್ರವಾರ ಅಲಿಶಾ ಆಸ್ಪತ್ರೆಯಿಂದ ಬಂದಳು. ಟ್ಯಾಕ್ಸಿಯಿಂದ ಇಳಿದು, ಮಗುವನ್ನು ಎದೆಗಪ್ಪಿಕೊಂಡು, ಬ್ಯಾನರನ್ನು ದಾಟಿ, ರಿಬ್ಬನ್ ಕಟ್ಟಿದ ಪಂಪನ್ನು ದಾಟಿ, ತನ್ನ ಮನೆಯ ಬಾಗಿಲಲ್ಲಿ ನಿಂತಳು. ಪ್ಲಾಸ್ಟಿಕ್ ಹಾಳೆಯ ಕೆಳಗೆ ನೀರು ಅಲುಗುತ್ತಿತ್ತು.

"ಇನ್ನೂ ನೀರು ಉಂಟಲ್ಲ, ಆನ್ಸೆಲ್ಮ್. ಪಂಪ್ ಕೆಟ್ಟಿದೆಯಾ?"

"ಇಲ್ಲ, ಒಳ್ಳೇದುಂಟು. ಉದ್ಘಾಟನೆ ಆಗ್ಲಿಲ್ಲ."

"ರಿಬ್ಬನ್ ಬಿಚ್ಚಲಿಕ್ಕೆ ನಿನಗೆ ಕೈ ಇಲ್ವಾ?"

"ಲೆಸ್ಟರ್ ಬಾಬ್ ಬೇಜಾರು ಮಾಡ್ಕೊಳ್ತಾರೆ."

"ನಾನು ಬೇಜಾರು ಮಾಡ್ಕೊಂಡರೆ?"

"ನೀನು ಮನೆಯವಳಲ್ವಾ," ಎಂದನು ಆನ್ಸೆಲ್ಮ್.

ಅಲಿಶಾ ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಿಂದ ರಿಬ್ಬನ್ನಿನ ಗಂಟಿಗೆ ಕೈಹಾಕಿದಳು. ಅಷ್ಟರಲ್ಲಿ ಕಟ್ಟೆಯ ಮೇಲೆ ಕುರ್ಚಿಗಳ ಲೆಕ್ಕ ನೋಡುತ್ತಿದ್ದ ಲೆಸ್ಟರ್ ಧಾವಿಸಿ ಬಂದರು.

"ಬೇಡ ಬೇಡ ಬಾಯೆ! ಬಾಣಂತಿಯರು ಮೈಗೆ ಶ್ರಮ ಕೊಡಬಾರದು. ನಿನಗಾಗಿಯೇ ಅಲ್ವಾ ನಾವು ಇಷ್ಟೆಲ್ಲ ಮಾಡುವುದು?"

"ಅಂಕಲ್, ನನ್ನ ಮಗುವನ್ನು ಎಲ್ಲಿ ಮಲಗಿಸಲಿ?"

"ಭಾನುವಾರ ವೇದಿಕೆಯಲ್ಲಿ ಜಾಗ ಇಟ್ಟಿದ್ದೇವೆ."

"ಇವತ್ತು?"

ಈ ಪ್ರಶ್ನೆ ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ಲೆಸ್ಟರ್ ಕುರ್ಚಿಗಳ ಲೆಕ್ಕಕ್ಕೆ ಮರಳಿದರು. ಮಗು ಅಳತೊಡಗಿತು. ಮೆಟ್ಟಿಲಿನಿಂದ ಅತಾಉರ್ರಹ್ಮಾನ್ ಅವರ ಹೆಂಡತಿ ಮಲೀಕಾ ಇಳಿದು ಬಂದು, ಯಾರ ಅನುಮತಿಯನ್ನೂ ಕೇಳದೆ ಮಗುವನ್ನು ಎತ್ತಿಕೊಂಡರು.

"ಯಲ್ಲಾ, ಮೇಲೆ ಬಾ ಅಲಿಶಾ. ಬಿಸಿನೀರು ಕಾಯಿಸಿ ಇಟ್ಟಿದ್ದೇನೆ. ಇವರ ಮೀಟಿಂಗ್ ಮುಗಿಯುವುದರೊಳಗೆ ನಿನ್ನ ಮಗಳು ಶಾಲೆಗೆ ಹೋದಾಳು."

ಮಲೀಕಾ ಅವರ ಈ ಕೃತ್ಯವನ್ನು ಅಂದಿನ ಸಭೆಯಲ್ಲಿ ಪರಿಶೀಲಿಸಿ, ಕೂಟವು ಏರ್ಪಡಿಸಿದ ತಾತ್ಕಾಲಿಕ ಆಶ್ರಯ ಶಿಬಿರವೆಂದು ವಾರ್ಷಿಕ ವರದಿಗೆ ಸೇರಿಸಿಕೊಳ್ಳಲಾಯಿತು.

ಶನಿವಾರ ಪ್ಲಾಸ್ಟಿಕ್ ಹಾಳೆಯನ್ನು ಎತ್ತಿ ನೋಡಿದಾಗ ನೀರು ಕಣಕಾಲಿಗೂ ತಲುಪುತ್ತಿರಲಿಲ್ಲ. ಲೆಸ್ಟರ್ ಅದರಲ್ಲಿ ನಿಂತು ತಮ್ಮ ಪಾದಗಳನ್ನು ನೋಡಿಕೊಂಡರು.

"ಇದೆಂಥ ನೀರು?" ಎಂದರು. "ಮುಖ್ಯ ಅತಿಥಿಗಳನ್ನು ಅಬುಧಾಬಿಯಿಂದ ಕರೆಸಿ ಇದನ್ನು ತೋರಿಸುವುದಾ? ಮನೆಯಲ್ಲಿ ನೆಲ ಒರೆಸುವವಳು ಇದಕ್ಕಿಂತ ಹೆಚ್ಚು ಚೆಲ್ಲುತ್ತಾಳೆ."

ಪ್ರಿಯನ್ ಕುಡಿಯುವ ನೀರು ಸರಬರಾಜು ಮಾಡುವ ಖಾಸಗಿ ಟ್ಯಾಂಕರೊಂದನ್ನು ಕರೆಸಿದರು. ಚಾಲಕನು ಕಟ್ಟಡದ ಮಾಳಿಗೆಯ ಮೇಲಿನ ತೊಟ್ಟಿಯತ್ತ ಪೈಪನ್ನು ಎಳೆಯತೊಡಗಿದಾಗ ಅವನನ್ನು ತಡೆದು ಆನ್ಸೆಲ್ಮನ ಕೋಣೆಯ ಬಾಗಿಲನ್ನು ತೋರಿಸಲಾಯಿತು.

"ಅಂದರ್?" ಎಂದನು ಚಾಲಕ.

"ಅಂದರ್," ಎಂದರು ಪ್ರಿಯನ್.

ಅಲಿಕುಂಞಿ ಗೇಟಿನ ಚಿಲಕ ಹಿಡಿದು ನಿಂತಿದ್ದನು. "ಸಾರ್, ತೆಗೆಯುವ ಪಂಪಿಗೋಸ್ಕರ ತುಂಬಿಸುವುದಾ?"

"ಹೌದು."

"ತುಂಬಿಸಿದ್ದನ್ನು ನಾಳೆ ತೆಗೆಯುವುದಾ?"

"ಹೌದು ಅಲಿಕುಂಞಿ. ಇದರಲ್ಲಿ ಅರ್ಥ ಆಗದ್ದು ಎಂಥ ಉಂಟು?"

"ಏನಿಲ್ಲ ಸಾರ್. ಖಲಾಸ್," ಎಂದು ಅಲಿಕುಂಞಿ ಗೇಟು ತೆರೆದನು.

ಟ್ಯಾಂಕರಿನ ಚಾಲಕ ಉದಾರ ಮನಸ್ಸಿನವನು. ನೀರು ಮೊಣಕಾಲನ್ನು ದಾಟಿ ತೊಡೆಯವರೆಗೆ ಏರಿತು. ಗೋಡೆಗೆ ಸೇರಿಸಿದ್ದ ಕಪಾಟಿನಲ್ಲಿ ಅಲಿಶಾ ತಿಂಗಳುಗಟ್ಟಲೆ ಹೊಲಿದು ಮಡಚಿ ಇಟ್ಟಿದ್ದ ಮಗುವಿನ ಅಂಗಿಗಳಿದ್ದವು. ಮಳೆ ಮುಟ್ಟದೆ ಬಿಟ್ಟಿದ್ದ ಅವುಗಳನ್ನು ಕೂಟ ಮುಟ್ಟಿತು.

ಭಾನುವಾರದ ಸಮಾರಂಭ ಸಾಂಗವಾಗಿ ನೆರವೇರಿತು. ಪ್ರಾರ್ಥನೆಗೆ ಫಾದರ್ ಬರಲಿಲ್ಲ. ಅವರ ಬಕೆಟ್ಟನ್ನು ವೇದಿಕೆಯ ಮೇಲೆ ಅವರ ಆಸನದಲ್ಲಿ ಇರಿಸಿ ಗೌರವಿಸಲಾಯಿತು. ಪ್ರಾಸ್ತಾವಿಕ ಭಾಷಣದಲ್ಲಿ ಲೆಸ್ಟರ್, ದಾರಿಯಲ್ಲಿ ಗಾಯಗೊಂಡು ಬಿದ್ದವನ ಬಗ್ಗೆ ಪ್ರಭು ಹೇಳಿದ ಸಾಮತಿಯ ಕಥೆಯನ್ನು ನೆನಪಿಸಿದರು. ಅವನನ್ನು ದಾಟಿ ಹೋದ ಇಬ್ಬರು ಹೃದಯಹೀನರೆಂದು ಲೋಕ ಇಷ್ಟು ಕಾಲ ತಪ್ಪು ತಿಳಿದಿದೆ, ಅವರು ಬಹುಶಃ ಮುಖ್ಯ ಅತಿಥಿಗಳನ್ನು ಕರೆತರಲು ಹೋಗುತ್ತಿದ್ದರು ಎಂದು ಅವರು ವಿವರಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಬಂದ ಮೂರನೆಯವನು ಯಾವ ಸಂಸ್ಥೆಯ ಮೂಲಕವೂ ಬರದೆ, ಒಬ್ಬನೇ ಗಾಯಕ್ಕೆ ಎಣ್ಣೆ ಹಚ್ಚಿ ಇಡೀ ಕಾರ್ಯಕ್ರಮವನ್ನು ಕೆಡಿಸಿದನೆಂದು ಅವರು ವಿಷಾದಿಸಿದರು.

ಪೃಥ್ವಿರಾಜ್ ಸರಳ ವ್ಯಕ್ತಿ. ಬಾಗಿಲಲ್ಲಿ ನಿಂತು ನೀರನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು.

"ಇದು ಹೇಗೆ ಇನ್ನೂ ಉಂಟು ಮಾರಾಯ್ರೆ? ನಮ್ಮಲ್ಲಿ ಎಲ್ಲ ಒಣಗಿ ಎಷ್ಟು ದಿನ ಆಯ್ತು!"

"ಎಲ್ಲ ಸದಸ್ಯರ ಶ್ರಮ ಸಾರ್," ಎಂದರು ಲೆಸ್ಟರ್.

"ಭಾರೀ ಕ್ಲೀನ್ ನೀರು."

"ನಮ್ಮ ಕೂಟದಲ್ಲಿ ಶುಚಿತ್ವಕ್ಕೆ ಮೊದಲ ಸ್ಥಾನ."

ಛಾಯಾಚಿತ್ರಕ್ಕಾಗಿ ಸಂತ್ರಸ್ತ ಶಿಶುವನ್ನು ನೀರಿನ ಮಧ್ಯದಲ್ಲಿ ಮುಖ್ಯ ಅತಿಥಿಗಳ ಕೈಗೆ ಕೊಡಬೇಕೆಂದು ಯೋಜಿಸಲಾಗಿತ್ತು. ಅಲಿಶಾ ಮಗುವಿನೊಡನೆ ಮೆಟ್ಟಿಲ ಮೇಲೆ ನಿಂತಿದ್ದಳು. ಇಳಿದು ಬಾ ಎಂದಾಗ ಅವಳು ಇಳಿಯಲಿಲ್ಲ.

"ನನ್ನ ಮಗುವಿಗೆ ನೀರು ತಾಗುವುದು ಜ್ಞಾನಸ್ನಾನದ ದಿವಸ," ಎಂದಳು. "ಅದಕ್ಕೆ ಫಾದರ್ ಸಾಕು. ನೀವು ಬೇಡ."

ತಾಯಿಯ ಈ ಅಸಹಕಾರವನ್ನು ಹೆರಿಗೆಯ ಆಯಾಸವೆಂದು ಪರಿಗಣಿಸಿ, ಖಜಾಂಚಿಯವರ ಮೊಮ್ಮಗನನ್ನು ಸಂತ್ರಸ್ತ ಶಿಶುವಾಗಿ ನಿಯೋಜಿಸಲಾಯಿತು. ಅವನಿಗೆ ಐದು ವರ್ಷವಾಗಿದ್ದು, ಟವೆಲಿನಲ್ಲಿ ಸುತ್ತುವಾಗ "ಐ ಆಮ್ ನಾಟ್ ಎ ಬೇಬಿ!" ಎಂದು ಕೊನೆಯವರೆಗೂ ಪ್ರತಿಭಟಿಸಿದನು. ಚಿತ್ರದಲ್ಲಿ ಅವನ ಬಾಯಿ ತೆರೆದಿರುವುದು ಸಂತ್ರಸ್ತರ ಆಕ್ರಂದನವಾಗಿ ಚೆನ್ನಾಗಿ ಮೂಡಿಬಂದಿದೆ.

ರಿಬ್ಬನ್ ಕತ್ತರಿಸಿ ಪೃಥ್ವಿರಾಜ್ ಗುಂಡಿಯನ್ನು ಒತ್ತಿದರು. ಪಂಪು ಗುಡುಗಿತು. ಪೈಪಿನ ಒಂದು ತುದಿ ಕೋಣೆಯ ಈ ಮೂಲೆಯಲ್ಲಿ ನೀರನ್ನು ಹೀರಿತು, ಇನ್ನೊಂದು ತುದಿ ಆ ಮೂಲೆಯಲ್ಲಿ ಅದನ್ನು ಕಾರಂಜಿಯಂತೆ ಚಿಮ್ಮಿಸಿತು. ಪೈಪಿನ ತುದಿಯನ್ನು ಹೊರಗೆ ಇಟ್ಟಿದ್ದರೆ ಗಣ್ಯರ ಕುರ್ಚಿಗಳ ಕೆಳಗೆ ಒದ್ದೆಯಾಗುತ್ತಿತ್ತು. ಮಹಿಳಾ ವಿಭಾಗದವರು ಮಂಗಳ ಗೀತೆ ಹಾಡಿದರು. ನೀರು ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳುತ್ತಿರುವುದನ್ನು ಎಲ್ಲರೂ ಕಣ್ಣಾರೆ ಕಂಡರು, ಚಪ್ಪಾಳೆ ತಟ್ಟಿದರು. ಪಂಪನ್ನು ಸಾಂಕೇತಿಕವಾಗಿ ಸ್ವಲ್ಪ ಹೊತ್ತು ನಡೆಸಿ ನಿಲ್ಲಿಸಲಾಯಿತು.

ವಂದನಾರ್ಪಣೆ ಆನ್ಸೆಲ್ಮನದು. ಅವನು ಕಾಗದ ಹಿಡಿದು, ಅಧ್ಯಕ್ಷರ, ಕಾರ್ಯದರ್ಶಿಯವರ, ಮುಖ್ಯ ಅತಿಥಿಗಳ, ಧ್ವನಿವರ್ಧಕದವರ ಉಪಕಾರವನ್ನು ಸ್ಮರಿಸಿದನು. ಸಮಿತಿಯ ಬೇಡಿಕೆ ಇದ್ದುದರಿಂದ ನೀರನ್ನೂ ಸ್ಮರಿಸಿದನು. ಮೂರನೆಯ ಮಹಡಿಯವರ ಹೆಸರು ಕಾಗದದಲ್ಲಿರಲಿಲ್ಲ.

ಊಟದ ನಂತರ ಪಂಪನ್ನು ವ್ಯಾನಿಗೆ ಏರಿಸತೊಡಗಿದರು. ಕೂಟದ ಅಬುಧಾಬಿ ಘಟಕದವರು ಅದರ ಉದ್ಘಾಟನೆಗೆ ತಮ್ಮಲ್ಲಿ ಆಗಲೇ ನೀರಿನ ಏರ್ಪಾಡು ಮಾಡಿಕೊಂಡಿದ್ದರು.

"ಲೆಸ್ಟರ್ ಬಾಬ್," ಎಂದನು ಆನ್ಸೆಲ್ಮ್. "ಇಲ್ಲಿಯ ನೀರು?"

ಲೆಸ್ಟರ್ ಅವನ ಹೆಗಲ ಮೇಲೆ ಕೈಯಿಟ್ಟರು. "ಉದ್ಘಾಟನೆ ಆಯ್ತು. ಉದ್ಘಾಟನೆ ಆದದ್ದಕ್ಕೆ ಸಮಾರೋಪ ಆಗಬೇಕಲ್ಲ? ಸಮಾರೋಪಕ್ಕೆ ಊರಿನಿಂದಲೇ ಯಾರನ್ನಾದರೂ ತರಿಸುವ. ಅಲ್ಲಿಯವರೆಗೆ ಇದನ್ನು ನೋಡಿಕೊಳ್ಳಲಿಕ್ಕೆ ಜವಾಬ್ದಾರಿಯ ಒಬ್ಬ ಮನುಷ್ಯ ಬೇಕು. ನಿನ್ನನ್ನು ನೀರು ಪಾಲನಾ ಉಪಸಮಿತಿಯ ಸಂಚಾಲಕನಾಗಿ ಮಾಡಿದ್ದೇವೆ."

ಆನ್ಸೆಲ್ಮನ ಎದೆಗೆ ಬಿಲ್ಲೆ ಚುಚ್ಚಲಾಯಿತು. ಅವನು ಬಿಲ್ಲೆಯನ್ನು ನೋಡಿಕೊಂಡನು. ಅವನ ಜೀವಮಾನದಲ್ಲಿ ಅವನಿಗೆ ಒಂದು ಪದವಿ ಸಿಕ್ಕಿದ್ದು ಅದೇ ಮೊದಲು.

ಈಗ ಚಳಿಗಾಲ ಬಂದಿದೆ. ಸಮಾರೋಪದ ದಿನ ಇನ್ನೂ ಗೊತ್ತಾಗಿಲ್ಲ. ಅತಿಥಿಗಳ ವೀಸಾ ವಿಚಾರ ಪರಿಶೀಲನೆಯಲ್ಲಿದೆ. ಕಟ್ಟಡದ ಮಾಲೀಕರ ಕಚೇರಿಯಿಂದ ನೋಟಿಸು ಬಂದಿತ್ತು. ವ್ಯವಸ್ಥಾಪಕರಿಗೆ ಶಾಲು ಹೊದಿಸಿದ ಮೇಲೆ ಅದು ಹಿಂದಕ್ಕೆ ಹೋಯಿತು. ಆನ್ಸೆಲ್ಮ್ ದಿನಾಲೂ ಕೆಲಸದಿಂದ ಬಂದು ಮೊದಲು ನೀರಿನ ಮಟ್ಟ ಅಳೆಯುತ್ತಾನೆ, ಕಡಿಮೆಯಾಗಿದ್ದರೆ ಅಡುಗೆಮನೆಯ ನಲ್ಲಿಯಿಂದ ಸೇರಿಸುತ್ತಾನೆ. ಮಲಗುವುದಕ್ಕೆ ಸ್ನೇಹಿತನೊಬ್ಬನ ಕೋಣೆಯಲ್ಲಿ ಒಂದು ಮಂಚದಷ್ಟು ಜಾಗ, ಬೆಡ್‌ಸ್ಪೇಸ್, ಇದೆ. ಕಳೆದ ವಾರ ಅಲಿಕುಂಞಿ ಕೈಯಲ್ಲಿ ಬಕೆಟ್ ಹಿಡಿದು ಬಂದು, "ನನಗೆ ಇವತ್ತು ಕೆಲಸ ಕಡಿಮೆ, ಖಾಲಿ ಮಾಡಿಬಿಡುವನಾ?" ಎಂದು ಕೇಳಿದ್ದನು.

"ಯಾವ ಸಂಘದಿಂದ?" ಎಂದು ಆನ್ಸೆಲ್ಮ್ ವಿಚಾರಿಸಿದನು.

ಸಂಜೆ ಅವನು, ಅಲಿಶಾ ಮತ್ತು ಮಗು ಈಗಲೂ ಇರುವ ಮೂರನೆಯ ಮಹಡಿಗೆ ಹೋಗುತ್ತಾನೆ. ಒದ್ದೆ ಕಾಲು ಎಂದು ಮಲೀಕಾ ಬಾಗಿಲ ಹೊರಗೆ ಚಾಪೆ ಹಾಕಿದ್ದಾರೆ. ಅವನು ಅದರ ಮೇಲೆಯೇ ನಿಂತು ಚಹಾ ಕುಡಿಯುತ್ತಾನೆ. ಮಗು ಈಗ ಕುಳಿತುಕೊಳ್ಳುತ್ತದೆ. ಅತಾಉರ್ರಹ್ಮಾನ್ ಅವರ ಮೀಸೆಯನ್ನು ಎಳೆದು ನಗುತ್ತದೆ. ಆನ್ಸೆಲ್ಮ್ ಕೈಚಾಚಿದರೆ ಮುಖ ತಿರುಗಿಸಿ ಅಲಿಶಾಳ ಕುತ್ತಿಗೆಯನ್ನು ಹಿಡಿದುಕೊಳ್ಳುತ್ತದೆ. ಅಲಿಶಾ ಮೊದಮೊದಲು ನೀರಿನ ವಿಷಯಕ್ಕೆ ಅವನೊಡನೆ ಜಗಳವಾಡುತ್ತಿದ್ದಳು. ಈಗ ಅವಳೂ ಒಪ್ಪಿಕೊಂಡಿದ್ದಾಳೆ. ಚಹಾದ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು, ಮಗುವಿನ ಪುಟ್ಟ ಕೈಯನ್ನು ಹಿಡಿದು ಆಡಿಸುತ್ತಾಳೆ.

"ಸಂಘದ ಅಂಕಲ್ ಹೊರಟರು," ಎನ್ನುತ್ತಾಳೆ. "ಟಾಟಾ ಮಾಡು, ಪುಟ್ಟಿ."

ಆನ್ಸೆಲ್ಮ್ ಪದಾಧಿಕಾರಿಗೆ ಒಪ್ಪುವಂತೆ ಎರಡೂ ಕೈ ಜೋಡಿಸಿ ಮಗುವಿಗೆ ವಂದಿಸಿ, ನೀರು ನೋಡಿಕೊಳ್ಳಲು ಕೆಳಗಿಳಿಯುತ್ತಾನೆ.